ಇವತ್ತು ಕೊಕ್ಕರೆಗಳಿಗೆ ಬೆನ್ನು

ರೀ,

ನಿದ್ದೆ ಕೆಡಿಸೋದು ಬೇಡ ಅಂತ ಎಬ್ಬಿಸಲಿಲ್ಲ. ರೈಲು ಸೇತುವೆ ಹತ್ತಿರ ಇವತ್ತು ನಾನೊಬ್ಬಳೇ ಹೋಗ್ತಿದೀನಿ.

ಕಾಫಿ ಫ್ಲಾಸ್ಕಲ್ಲಿದೆ. ಮಾತ್ರೆ ತಿಂಡಿ ಆದ ಮೇಲೆ, ಮುಂಚೆ ಅಲ್ಲ. ಉಳುಕಿದ ಕಾಲು ದಿಂಬಿನ ಮೇಲೇ ಇರಲಿ. ಗಾಡಿ ಸದ್ದು ಕೇಳಿಸ್ತು ಅಂತ ಕುಂಟ್ಕೊಂಡು ಕಿಟಕಿಗೆ ಓಡೋ ಚಪಲ ಬೇಡ.

ಹೋದ ವಾರ ಇಡೀ ರೈಲು ಒಂದೇ ಫೋಟೋದಲ್ಲಿ ಬರಬೇಕು ಅಂತ ಹಿಂದೆ ಹಿಂದೆ ಹೋಗಿ ಕೆಸರಿಗೆ ಬಿದ್ದಿದ್ದು ನೀವೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಅಲ್ಲಿಂದ ಕೂಗಿದಾಗ ನಾನು ತಿರುಗಿಯೂ ನೋಡದೆ "ಶ್, ಕೊಕ್ಕರೆ ಹಾರಿಹೋಗತ್ತೆ" ಅಂದೆನಲ್ಲ, ಅದು ವಾರವೆಲ್ಲ ಕಿವಿಯಲ್ಲೇ ಕೂತಿದೆ. ಆ ಕೊಕ್ಕರೆ ಫೋಟೋ ಚೆನ್ನಾಗಿ ಬೇರೆ ಬಂದಿದೆ! ನಿಮಗೆ ತೋರಿಸೋಕೆ ನನಗೆ ಮುಖ ಇರಲಿಲ್ಲ.

ನಿಮ್ಮ ಕ್ಯಾಮೆರಾ ತಗೊಂಡಿದೀನಿ, ಬೈಕೋಬೇಡಿ. ನನ್ನದು ಕಾಫಿ ಪಕ್ಕದಲ್ಲೇ ಇಟ್ಟಿದೀನಿ, ಕೊನೇ ಚಿತ್ರ ನೋಡಿ.

ಏಳೂವರೆ ಗಾಡಿನ ಇಂಜಿನ್ನಿಂದ ಕೊನೇ ಡಬ್ಬಿ ತನಕ ಹಿಡ್ಕೊಂಡು ಬರ್ತೀನಿ. ಹಿಂದೆ ಸರಿಯೋದಾದ್ರೆ ನೆಲ ನೋಡ್ಕೊಂಡೇ ಸರೀತೀನಿ. ಬೆನ್ನ ಹಿಂದೆ ಯಾವ ಹಕ್ಕಿ ಎಷ್ಟೇ ಕೂಗಿದ್ರೂ ಇವತ್ತು ತಿರುಗಲ್ಲ.