ಘಾಟು ಬಾರದ ಮೆಣಸಿನಕಾಯಿ

ಶ್ರೀರಾಂಪುರ, ಹೊಸದುರ್ಗ ತಾಲ್ಲೂಕು
ಅಮಾವಾಸ್ಯೆಯ ಮಾರನೇ ದಿನ, ಬುಧವಾರ

ಪ್ರೀತಿಯ ಮಗಳು ರಂಜಿತಾಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯಮ್ಮ? ಗೋವಾದ ಆ ಹೋಟೆಲಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡಿದ್ದೆಯಲ್ಲ, ಮಾಯಿತೋ ಇಲ್ಲವೋ? ಮೆಣಸಿನಕಾಯಿ ಹೆಚ್ಚಿದ ಕೈ ಗಾಯಕ್ಕೆ ತಾಗಿಸಬೇಡ, ಕಣ್ಣಿಗಂತೂ ಬೇಡವೇ ಬೇಡ. ಇಷ್ಟೆಲ್ಲ ಯಾಕೆ ಕೇಳುತ್ತೇನೆಂದರೆ ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮ ಹಟ್ಟಿಯ ದೇವರ ಪರ ನಡೆಯುತ್ತಿದೆ, ಊರಿಗೆ ಊರೇ ಉಣ್ಣಲು ಸಾಲಾಗಿ ಎಲೆ ಹಾಕಿದ್ದಾರೆ. ನಿಮ್ಮಪ್ಪ ಕೊಪ್ಪರಿಗೆ ಮುಂದೆ ನಿಂತು ಮೊರಗಟ್ಟಲೆ ಖಾರದ ಪುಡಿ ಸುರಿಯುತ್ತಿದ್ದಾರೆ. ಸಾಕು ನಿಲ್ಲಿಸ್ರಿ ಎಂದು ಕೂಗುತ್ತೇನೆ, ಗಂಟಲಿನಿಂದ ಸದ್ದೇ ಹೊರಡುವುದಿಲ್ಲ. ಎಲೆ ಮುಂದೆ ಕುಂತವರು ಯಾರೂ ತುತ್ತು ಎತ್ತದೆ ನನ್ನನ್ನೇ ನೋಡುತ್ತಿದ್ದಾರೆ. ನೀನೂ ಅದೇ ಸಾಲಿನಲ್ಲಿದ್ದೆ, ನೀನೂ ಹಾಗೇ ನೋಡುತ್ತಿದ್ದೆ.

ಫೋನಿನಲ್ಲಿ ಹೇಳೋಣವೆಂದರೆ ಆ ಹಾಳು ಫೋನು ಸ್ಪೀಕರಿಗೆ ಹಾಕದಿದ್ದರೆ ಕೇಳುವುದಿಲ್ಲ, ಹಾಕಿದರೆ ಜಗಲಿಯಲ್ಲಿ ಕುಂತ ನಿಮ್ಮಪ್ಪನಿಗೆ ಎಲ್ಲಾ ಕೇಳುತ್ತದೆ. ನಿನಗೆ ತಿಳಿಸಬಾರದು ಅಂತ ಅವರ ಕಟ್ಟಪ್ಪಣೆ. ಈಗ ಕುರಿ ರೊಪ್ಪದ ಕಡೆ ಹೋಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಆ ಜ್ವರ ಬಂದು ಹೋದಮೇಲೆ ಬಾಯಿರುಚಿ ಕೆಟ್ಟಿದೆ ಎಂದಷ್ಟೇ ನಿನಗೆ ಹೇಳಿದ್ದೆ. ಬರೀ ಬಾಯಲ್ಲಮ್ಮ, ಅವರ ಮೂಗಿಗೆ ಯಾವ ವಾಸನೆಯೂ ತಾಕುತ್ತಿಲ್ಲ. ಒಗ್ಗರಣೆ ಸೀದರೆ ಗೊತ್ತಾಗುವುದಿಲ್ಲ, ಹಾಲು ಉಕ್ಕಿ ಹತ್ತಿದರೆ ಗೊತ್ತಾಗುವುದಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ 'ಹತ್ತಿ ಜಗಿದಂಗೆ ಐತೆ ಕಣೇ' ಎನ್ನುತ್ತಾರೆ, ಎರಡು ತುತ್ತಿಗೆ ಕೈ ತೊಳೆಯುತ್ತಾರೆ. ಅಂಗಿ ಹ್ಯಾಂಗರಿಗೆ ಹಾಕಿದಂತೆ ನೇತಾಡುತ್ತದೆ. ಹೊಸದುರ್ಗದ ಡಾಕ್ಟರು ವಾಸನೆ ಬಂದರೆ ತಾನಾಗೇ ಬರುತ್ತದೆ, ಬರದೆಯೂ ಇರಬಹುದು ಎಂದರು. ಇದೊಂದು ಮಾತು ಹೇಳುವುದಕ್ಕೆ ಡಾಕ್ಟರೇ ಬೇಕಾ?

ನೀನು ಕಳಿಸಿದ ಮಸಾಲೆ ಪೊಟ್ಟಣಗಳನ್ನು ನೀನು ಹೇಳಿದ ಹಾಗೇ ಒಂದೊಂದಾಗಿ ಮಾಡಿದೆ. ಖಾರ ಉರಿಯುವುದಾದರೂ ನಾಲಿಗೆಗೆ ತಿಳಿಯುತ್ತದಲ್ಲ, ಅದರ ಹಿಂದೆಯೇ ರುಚಿಯೂ ಬಂದೀತು ಅಂತ ನನ್ನ ಆಸೆ. ಕೊರಿಯಾದವರ ಆ ಕೆಂಪು ಅಂಟು ಖಾರವನ್ನು ಬೆಲ್ಲ, ಬೆಳ್ಳುಳ್ಳಿ ಸೇರಿಸಿ ಬದನೆಕಾಯಿಗೆ ಬಳಿದು ಬಾಡಿಸಿದೆ. ಥಾಯ್ಲೆಂಡಿನ ಹಸಿರು ಮಸಾಲೆಗೆ ತೆಂಗಿನಹಾಲು ಹಿಂಡಿ, ಆ ನಿಂಬೆ ವಾಸನೆಯ ಹುಲ್ಲು ಜಜ್ಜಿ ಹಾಕಿ ಕುದಿಸಿದೆ. ಪಕ್ಕದ ಮನೆಯ ಶಿವಗಂಗಮ್ಮ ಗೋಡೆ ಮೇಲಿಂದ ಇಣುಕಿ 'ಏನೇ ಯಲ್ಲಕ್ಕ, ಹಬ್ಬ ಇನ್ನಾ ದೂರ ಐತೆ, ಈಗ್ಲೇ ಗೋಡೆ ಬಣ್ಣ ಕುದಿಸ್ತಿದೀಯ?' ಎಂದಳು. ನನಗಂತೂ ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. ನಿಮ್ಮಪ್ಪ ಉಂಡು 'ಉರಿ ಐತೆ, ಇನ್ನೇನೂ ಇಲ್ಲ' ಎಂದು ಎದ್ದರು. ಮೆಕ್ಸಿಕೋದ ಆ ಕಪ್ಪನೆ, ಸುಕ್ಕುಗಟ್ಟಿದ, ಅಂಗೈ ಉದ್ದದ ಮೆಣಸಿನಕಾಯಿ ಪೊಟ್ಟಣ ಮಾತ್ರ ಒಡೆಯದೆ ಇಟ್ಟಿದ್ದೆ. ಅದಕ್ಕೆ ಶೇಂಗಾ, ಎಳ್ಳು, ಚಾಕಲೇಟು ಹಾಕಿ ಅರೆದು ಸಾರು ಮಾಡು ಎಂದಿದ್ದೆ ನೀನು. ಸಾರಿಗೆ ಚಾಕಲೇಟು ಎಂದರೆ ನನ್ನ ಕೈ ಮುಂದಕ್ಕೆ ಹೋಗಲಿಲ್ಲ.

ಇಷ್ಟೇ ಆಗಿದ್ದರೆ ನಾನು ಹೀಗೆ ಗೋಳಾಡುತ್ತಿರಲಿಲ್ಲ. ಹೋದ ವಾರ ಹಟ್ಟಿಯ ಹಿರಿಯರು ಮುರುಗೇಶಪ್ಪ ಬಂದು 'ಕಾಟಲಿಂಗಪ್ಪ, ಈ ಸಲದ ಪರಕ್ಕೂ ಸೌಟು ನಿಂದೇ ಕಣಪ್ಪ' ಎಂದು ವೀಳ್ಯ ಮುಂದಿಟ್ಟರು. ಇವರು ಹಿಡಿದುಬಿಟ್ಟರು! ದೇವರ ಅಡುಗೆಗೆ ಹಿಡಿದ ವೀಳ್ಯ ಹಿಂದಕ್ಕೆ ಕೊಡುವಂತಿಲ್ಲ. ಎಡೆ ಇಡುವ ತನಕ ಅಡುಗೆಯವನು ಒಂದು ಹನಿ ಸಾರನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ನಿನಗೇ ಗೊತ್ತು. ಕೊಪ್ಪರಿಗೆಯ ಆವಿಗೆ ಮೂಗು ಕೊಟ್ಟು ಉಪ್ಪು, ಹುಳಿ, ಖಾರ ಹೇಳುತ್ತಿದ್ದ ಮನುಷ್ಯ ಅವರು. ಈಗ ಆ ಮೂಗೇ ಇಲ್ಲ. ಹೋಗಿ ನಿಜ ಹೇಳ್ರಿ ಎಂದರೆ 'ಸೌಟು ಬಿಟ್ಟು ನಾನು ಯಾತಕ್ಕೆ ಇರಬೇಕೇ?' ಎಂದರು. ಕೂಗಾಡಿ ಹೇಳಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಮೆಲ್ಲಗೆ ಹೇಳಿದರು, ಅದಕ್ಕೇ ಭಯ.

ಶನಿವಾರ ನೀರು ತಂದು ಒಳಗೆ ಬಂದೆ. ಇವರು ಅಡುಗೆಮನೆ ಮೂಲೆಯಲ್ಲಿ ಕುಂತು ಖಾರದ ಪುಡಿ ಡಬ್ಬಿಯೊಳಗೆ ಮುಖ ಇಟ್ಟು ಎಳೆದುಕೊಳ್ಳುತ್ತಿದ್ದಾರೆ. ಕಣ್ಣು ಕೆಂಡ, ಮೂಗಿನಿಂದ ರಕ್ತ. 'ಇದಾದ್ರೂ ತಾಕ್ತದಾ ಅಂತ ನೋಡ್ದೆ ಕಣೇ' ಎಂದರು, ಕೂಸಿನ ಹಾಗೆ. ಡಬ್ಬಿ ಕಿತ್ತುಕೊಂಡೆ. ಅವರು ಮಲಗಿದ ಮೇಲೆ ಮನೆಯಲ್ಲಿದ್ದ ಪುಡಿ, ಒಣಮೆಣಸಿನಕಾಯಿ ಅಷ್ಟನ್ನೂ ಗಂಟು ಕಟ್ಟಿ ಶಿವಗಂಗಮ್ಮನ ಮನೆಯಲ್ಲಿಟ್ಟೆ. ಇಲಿ ಕಾಟ ಎಂದೆ. 'ನಿಮ್ಮನೆ ಇಲಿ ಮೆಣಸಿನಕಾಯಿನೂ ತಿಂತಾವೇನೇ?' ಎಂದು ನಕ್ಕಳು. ನಾನೂ ನಕ್ಕೆ, ಬಚ್ಚಲಿಗೆ ಹೋಗಿ ಅತ್ತೆ.

ನಿನ್ನೆ ಅಮಾವಾಸ್ಯೆ. ಯಾರ ಕಣ್ಣು ಬಿತ್ತೋ, ದೃಷ್ಟಿಯಾದರೂ ತೆಗೆಯೋಣವೆಂದು ದೀಪ ಹಚ್ಚಿ ನೋಡಿದರೆ ಮನೆಯಲ್ಲಿ ಒಂದು ಮೆಣಸಿನಕಾಯಿಯೂ ಇಲ್ಲ. ದೀಪ ಹಚ್ಚಿದ ಮೇಲೆ ಉಪ್ಪು, ಮೆಣಸಿನಕಾಯಿ ಇನ್ನೊಬ್ಬರ ಮನೆಯಿಂದ ತರುವಂತಿಲ್ಲ. ಆಗ ನಿನ್ನ ಆ ಕಪ್ಪು ಮೆಣಸಿನಕಾಯಿ ನೆನಪಾಯಿತು. ಯಾವ ದೇಶದ್ದಾದರೂ ಮೆಣಸಿನಕಾಯಿಯೇ ಅಲ್ಲವಾ ಎಂದು ಪೊಟ್ಟಣ ಒಡೆದು ಉಪ್ಪಿನ ಜೊತೆ ಅಷ್ಟನ್ನೂ ಸೆರಗಿನ ತುದಿಯಲ್ಲಿ ಮುಚ್ಚಿಕೊಂಡೆ. ಜಗಲಿಯಲ್ಲಿ ಕುಂತಿದ್ದವರಿಗೆ ಮೂರು ಸಲ ಇಳಿ ತೆಗೆದು ಹಿತ್ತಲಿನ ಒಲೆಗೆ ಎಸೆದೆ. ಘಾಟಿಗೆ ಹೆದರಿ ಮೂಗು, ಬಾಯಿ ಟವೆಲಿನಿಂದ ಬಿಗಿದು ಕಟ್ಟಿಕೊಂಡಿದ್ದೆ. ಎಷ್ಟು ಕಟ್ಟಿದರೂ ಘಾಟು ಗಂಟಲಿಗೆ ಇಳಿಯಲೇಬೇಕಲ್ಲ? ಇಳಿಯಲಿಲ್ಲ. ಒಂದು ಕೆಮ್ಮಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಘಾಟು ಬರದಿದ್ದರೆ ದೃಷ್ಟಿ ಎಷ್ಟು ದೊಡ್ಡದಿರಬೇಕು ಎಂದು ಹೆದರಿ ಒಲೆ ಮುಂದೆಯೇ ಕುಂತೆ. ಅಷ್ಟರಲ್ಲಿ ಇವರು ಜಗಲಿಯಿಂದ 'ಏನೇ ಅದು, ಒಣದ್ರಾಕ್ಷಿ ಸುಡ್ತಿದೀಯ?' ಎಂದು ಕೂಗಿದರು. ದೃಷ್ಟಿ ತೆಗೆದಾಗ ಮಾತಾಡಬಾರದು, ಸುಮ್ನೆ ಕುಂತ್ಕಳ್ರಿ ಎಂದು ಗದರಿಬಿಟ್ಟೆ. ಆಮೇಲೆ ಅವರು ಉಣ್ಣದೆ ಮಲಗಿಬಿಟ್ಟರು. ನನಗೆ ದಿಕ್ಕೇ ತೋಚುತ್ತಿಲ್ಲ ರಂಜೀ. ರಜೆ ಕೊಟ್ಟರೆ ಪರಕ್ಕೆ ಮುಂಚೆ ಬಾ. ನೀನು ಪಕ್ಕದಲ್ಲಿ ನಿಂತರೆ ಆವಿಗೆ ನೀನಾದರೂ ಮೂಗು ಕೊಟ್ಟೀಯ.

ನಿನ್ನ ಸೋದರಮಾವನ ಮಗ ಬೀರೇಶ ಹೊಸದುರ್ಗದ ಬಸ್ಸಿಗೆ ಹೊರಟು ಬಾಗಿಲಲ್ಲೇ ನಿಂತಿದ್ದಾನೆ, ಇದನ್ನು ಅಂಚೆಗೆ ಹಾಕುತ್ತಾನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಕೈಯನ್ನೂ ಮೂಗನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ,
ಯಲ್ಲಕ್ಕ

ಮತ್ತೆ: ಮಡಚುವ ಮುಂಚೆ ಒಂದು ಸಲ ಓದಿದೆ. ಒಣದ್ರಾಕ್ಷಿ ಎಂದರಲ್ಲಮ್ಮ ಅವರು! ನಾನು ಒಲೆಗೆ ಏನು ಹಾಕಿದೆ ಅಂತ ಅವರು ನೋಡಿಲ್ಲ, ಸೆರಗಿನಲ್ಲಿ ಮುಚ್ಚಿದ್ದೆ. ಮೂಗಿಗೆ ತಾಕಿಯೇ ಹಾಗೆ ಅಂದರಾ? ಇದಕ್ಕೆ ಖಾರ ಕಮ್ಮಿ ಅಂತ ನೀನು ಅವತ್ತು ಹೇಳಿದ್ದೂ ಈಗ ನೆನಪಾಗುತ್ತಿದೆ, ಘಾಟು ಬರದಿದ್ದದ್ದು ಅದಕ್ಕೇ ಇರಬಹುದಾ? ಸುಟ್ಟಾಗ ಯಾವ ವಾಸನೆ ಬಂತೋ ನನಗೆ ಗೊತ್ತಿಲ್ಲ, ನನ್ನ ಮೂಗು ಕಟ್ಟಿತ್ತು. ಇನ್ನೊಂದು ಸುಟ್ಟು ನೋಡೋಣವೆಂದರೆ ಪೊಟ್ಟಣ ಖಾಲಿ. ಅವರನ್ನೇ ಕೇಳಲು ಧೈರ್ಯವಿಲ್ಲ, ನನ್ನ ಸಮಾಧಾನಕ್ಕೆ ಏನಾದರೂ ಹೇಳಿಬಿಟ್ಟರೆ? ನಿಮ್ಮ ಅಡುಗೆಮನೆಯಲ್ಲಿ ಅದೇ ಕಪ್ಪು ಮೆಣಸಿನಕಾಯಿ ಇದ್ದರೆ, ಪೊಟ್ಟಣ ಅದೇನಾ ಅಂತ ಇನ್ನೊಂದು ಸಲ ನೋಡಿಕೊಂಡು, ಒಂದನ್ನು ಕೆಂಡಕ್ಕೆ ಹಾಕು. ಒಣದ್ರಾಕ್ಷಿ ವಾಸನೆ ಬಂದರೆ ಫೋನ್ ಮಾಡಿ 'ಹೌದಮ್ಮ' ಅನ್ನು, ಅಷ್ಟೇ ಸಾಕು. ಬರದಿದ್ದರೆ ಮಾಡಬೇಡ. ಆದರೆ ಒಂದು ಸುಟ್ಟು ಬಿಡಬೇಡ ತಾಯಿ, ಇನ್ನೊಂದು ಹಾಕಿ ಮತ್ತೊಂದು ಸಲ ನೋಡು.