ಕಪ್ಪು ಚರ್ಚಿನಲ್ಲಿ ನನ್ನಕ್ಕನನ್ನು ಬಿಟ್ಟುಹೋದವರಿಗೆ

ನಮ್ಮ ಕನ್ನಡ ಕೂಟದ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕ ತಪ್ಪಿಸಿಕೊಳ್ಳಲಿಲ್ಲ. ನೀವು ಅವಳನ್ನು ಬಿಟ್ಟುಹೋದಿರಿ.

ಈ ಎರಡು ವಾಕ್ಯಗಳ ನಡುವಿನ ಅಂತರ ತಮಗೆ ಕ್ಷುಲ್ಲಕವಾಗಿ ಕಂಡಿರಬಹುದು. ಕಳೆದ ವಾರ ಎಲ್ಲ ಸದಸ್ಯರಿಗೂ ತಾವು ಕಳುಹಿಸಿದ ಸುತ್ತೋಲೆಯನ್ನು ಓದಿದರೆ ಹಾಗೇ ಅನಿಸುತ್ತದೆ. "ರುಮೇನಿಯ ಪ್ರವಾಸದಲ್ಲಿ ದೃಷ್ಟಿದೋಷವುಳ್ಳ ಅತಿಥಿಯೊಬ್ಬರು ಗುಂಪಿನಿಂದ ತಪ್ಪಿಸಿಕೊಂಡ ಅಹಿತಕರ ಘಟನೆಯ ಹಿನ್ನೆಲೆಯಲ್ಲಿ, ಇನ್ನು ಮುಂದೆ ವಿಶೇಷ ಅಗತ್ಯವುಳ್ಳವರನ್ನು ಅವರ ಮನೆಯವರು ಜೊತೆಗಿದ್ದರೆ ಮಾತ್ರ ಕೂಟದ ಪ್ರವಾಸಗಳಿಗೆ ಸೇರಿಸಿಕೊಳ್ಳಲಾಗುವುದು." ಎಂಥ ಅಚ್ಚುಕಟ್ಟಾದ ಕನ್ನಡ! ತಪ್ಪು ಯಾರದೋ, ಶಿಕ್ಷೆ ಯಾರಿಗೋ. ಆ "ಅತಿಥಿಯೊಬ್ಬರಿಗೆ" ರಮಾ ಎಂಬ ಹೆಸರಿದೆ. ಚಿತ್ರದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಕಣ್ಣಿನ ಒಳಪೊರೆ ವರ್ಷದಿಂದ ವರ್ಷಕ್ಕೆ ಸವೆಯುವ ಕಾಯಿಲೆ ಅವಳಿಗಿದೆ. ಹಗಲಲ್ಲಿ ಕೊಳವೆಯೊಳಗಿಂದ ನೋಡಿದಂತೆ ಎದುರಿನದಷ್ಟೇ ಕಾಣುತ್ತದೆ, ಸಂಜೆಯಾದರೆ ಅದೂ ಇಲ್ಲ. ಮಡಚುವ ಬಿಳಿ ಕೋಲು ಸದಾ ಕೈಯಲ್ಲಿರುತ್ತದೆ. ಇದೆಲ್ಲ ತಮಗೆ ಗೊತ್ತಿತ್ತು. ಗೊತ್ತಿದ್ದೇ ಕರೆದುಕೊಂಡು ಹೋದಿರಿ.

ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಮಗಳು ಸಿಯಾ ಹುಟ್ಟಿದಾಗ, ಸ್ವೀಡನ್ನಿನ ನಮ್ಮ ಈ ಟ್ರೋಲ್‌ಹೆಟ್ಟನ್ನಿನ ರಸ್ತೆಗಳೆಲ್ಲ ಹಿಮದಲ್ಲಿ ಹೂತುಹೋಗಿದ್ದ ದಿನ, ಮೆಣಸಿನ ಸಾರನ್ನು ಫ್ಲಾಸ್ಕಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಬಂದವರು ತಾವು. ನನ್ನ ತವರಿನಿಂದ ಯಾರೂ ಬರಲಾಗದಿದ್ದ ಹೊತ್ತಿನಲ್ಲಿ ಬಾಗಿಲಲ್ಲಿ ಕನ್ನಡ ಕೇಳಿಸಿದ್ದಕ್ಕೇ ನಾನು ಅತ್ತಿದ್ದೆ. ಆ ಸಾರಿನ ಋಣ ನನ್ನ ಮೇಲೆ ಇನ್ನೂ ಇದೆ. ಹಾಗಿರುವುದರಿಂದಲೇ ಈ ಪತ್ರವನ್ನು ಮೂರು ಸಲ ಬರೆದು ಹರಿದೆ, ಹಾಗಿರುವುದರಿಂದಲೇ ಬರೆಯದೆ ಇರಲಾಗುತ್ತಿಲ್ಲ.

ಈ ಪ್ರವಾಸಕ್ಕೆ ನಾನೂ ಅಕ್ಕನೂ ಒಟ್ಟಿಗೆ ಹೊರಡಬೇಕಿತ್ತು. ಅಕ್ಕ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ರುಮೇನಿಯವೂ ಈಗ ಷೆಂಗೆನ್‌ ಒಳಗೆ ಸೇರಿರುವುದರಿಂದ ಇಲ್ಲಿನ ವೀಸಾವೇ ಅವಳಿಗೆ ಅಲ್ಲಿಗೂ ಸಾಕಿತ್ತು. ಬ್ರಾಶೋವ್ ಎಂಬ ಆ ಹಳೆಯ ಕೋಟೆ ಊರಿನ ಬಗ್ಗೆ ಅವಳು ಒಂದು ತಿಂಗಳು ಓದಿಕೊಂಡಳು. ಓದುವುದೆಂದರೆ ಫೋನಿನಿಂದ ಓದಿಸಿಕೊಂಡಳು. ಅವಳ ಮನಸ್ಸು ನೆಟ್ಟದ್ದು ಅಲ್ಲಿನ ದೊಡ್ಡ ಚರ್ಚಿನ ಮೇಲಾಗಲಿ, ಊರ ಹೆಸರನ್ನು ಬಿಳಿ ಅಕ್ಷರಗಳಲ್ಲಿ ಹೊತ್ತುನಿಂತ ಟಂಪಾ ಗುಡ್ಡದ ಮೇಲಾಗಲಿ ಅಲ್ಲ. ಅಲ್ಲಿ ಹಗ್ಗದ ಬೀದಿ ಎಂಬ ಹೆಸರಿನದೊಂದು ಇದೆ. ಹಿಂದೆ ಬೆಂಕಿ ಆರಿಸುವವರು ನುಸುಳಿ ಹೋಗುತ್ತಿದ್ದ ಓಣಿಯಂತೆ, ಬೀದಿ ಎನ್ನುವುದಕ್ಕೂ ಸಾಲದಷ್ಟು ಇಕ್ಕಟ್ಟು.

"ಎರಡೂ ಕೈಗೂ ಗೋಡೆ ಸಿಗುತ್ತಂತೆ ಕಣೇ ನವ್ಯಾ," ಎಂದಿದ್ದಳು. "ಕೋಲು ಮಡಚಿ ಬ್ಯಾಗಲ್ಲಿ ಇಟ್ಕೊಂಡು ನಡೀತೀನಿ. ಒಂದು ಇಡೀ ಬೀದಿ, ಯಾರನ್ನೂ ಕೇಳ್ದೆ."

ಹೊರಡುವ ಹಿಂದಿನ ದಿನ ಸಿಯಾಳ ಮೈತುಂಬ ಚಿಕನ್‌ಪಾಕ್ಸ್ ಎದ್ದಿತು. ನನ್ನ ಗಂಡ ನೀರಜ್ ಕೆಲಸದ ಮೇಲೆ ದೂರದ ಉತ್ತರದ ಲುಲೆಯೊದಲ್ಲಿದ್ದ. ದಾಗಿಸ್ ಶಿಶುವಿಹಾರಕ್ಕೆ ಕಳುಹಿಸುವಂತಿರಲಿಲ್ಲ, ನಾನು ಮಕ್ಕಳ ಕಾಯಿಲೆಗೆಂದು ಸಿಗುವ ವಾಬ್ ರಜೆ ಹಾಕಿ ಮಗುವಿನ ಜೊತೆ ಉಳಿಯಲೇಬೇಕಾಯಿತು. ಅಕ್ಕನೂ ಹೋಗುವುದು ಬೇಡವೆಂದು ತಮಗೆ ಫೋನ್ ಮಾಡಿದೆ. ತಾವು ಹೇಳಿದ ಮಾತು ಇದು:

"ಏನ್ ನವ್ಯಾ ನೀವು! ನಿಮ್ಮಕ್ಕ ಅಂದ್ರೆ ನಮ್ಮಕ್ಕ ಅಲ್ವಾ? ಕ್ಯಾನ್ಸಲ್ ಗಿನ್ಸಲ್ ಏನೂ ಬೇಡ. ನಾನೇ ಪರ್ಸನಲ್ಲಾಗಿ ಅವರ ಕೈ ಹಿಡ್ಕೊಂಡು ಊರೆಲ್ಲ ತೋರಿಸ್ತೀನಿ. ಕೂಟ ಅಂದ್ರೆ ಫ್ಯಾಮಿಲಿ ರೀ."

ಸ್ಪೀಕರಿನಲ್ಲಿ ಇದನ್ನು ಕೇಳಿದ ಅಕ್ಕ ನಕ್ಕಳು. "ಕೈ ಹಿಡಿಯೋದೇನೂ ಬೇಡ ಸರ್, ಮೊಣಕೈ ಕೊಟ್ರೆ ಸಾಕು, ನಾನೇ ಹಿಡ್ಕೊಂಡು ಬರ್ತೀನಿ," ಎಂದಳು. ಅವಳು ಕೇಳಿದ್ದು ಅಷ್ಟೇ. ಇಡೀ ಪ್ರವಾಸದಲ್ಲಿ ನನ್ನ ಅಕ್ಕನ "ವಿಶೇಷ ಅಗತ್ಯ" ಒಂದು ಮೊಣಕೈ.

ಇನ್ನು ಬ್ರಾಶೋವ್‌ನಲ್ಲಿ ನಡೆದದ್ದು. ಇದನ್ನು ಅಕ್ಕನಿಂದಲೂ, ಅದೇ ಗುಂಪಿನಲ್ಲಿದ್ದ ಮಧುಶ್ರೀಯವರಿಂದಲೂ ಕೇಳಿ ಬರೆಯುತ್ತಿದ್ದೇನೆ. "ನನ್ನ ಹೆಸರನ್ನು ಧಾರಾಳವಾಗಿ ಹಾಕಿ" ಎಂದು ಮಧುಶ್ರೀ ಹೇಳಿದ್ದಾರೆ. ಕೂಟದಲ್ಲಿ ಅಷ್ಟು ಧೈರ್ಯ ಒಬ್ಬರಿಗಾದರೂ ಇದೆ.

ಗೈಡ್ ಇಲ್ಲದ ನಡಿಗೆ ಅದು. ಎಲ್ಲರ ಫೋನಿನಲ್ಲೂ ಒಂದು ಆ್ಯಪ್, ಕಿವಿಯಲ್ಲಿ ಇಂಗ್ಲಿಷ್ ಮಾತಾಡುವ ಹುಡುಗಿಯ ದನಿ. ಯಾವ ಕಟ್ಟಡದ ಮುಂದೆ ನಿಂತರೆ ಅದರ ಕಥೆ ತಾನಾಗಿ ಶುರುವಾಗುತ್ತದೆ. ಬೆಳಿಗ್ಗೆ ಊರ ನಡುವಿನ ಚೌಕದಲ್ಲಿ ತಾವು ನಿಜಕ್ಕೂ ಅಕ್ಕನಿಗೆ ಮೊಣಕೈ ಕೊಟ್ಟಿರಿ. ಮಧ್ಯಾಹ್ನ ಕಪ್ಪು ಚರ್ಚಿನವರೆಗೂ ಜೊತೆಗಿದ್ದಿರಿ. ಹಿಂದೊಮ್ಮೆ ಊರಿಗೆ ಊರೇ ಹೊತ್ತಿ ಉರಿದಾಗ ಗೋಡೆ ಕರಿಗಟ್ಟಿ ಆ ಹೆಸರು ಬಂದ ಚರ್ಚು ಅದು. ಒಳಗೆ ಯಾರೋ ಆರ್ಗನ್ ಅಭ್ಯಾಸ ಮಾಡುತ್ತಿದ್ದರು. ಕಂಬಗಳ ನಡುವೆ ತೂಗುಹಾಕಿದ್ದ ಹಳೆಯ ತುರ್ಕಿ ಜಮಖಾನೆಗಳ ಬಗ್ಗೆ ಅಕ್ಕ ಕೇಳಿದಳು, ಬಣ್ಣ ಯಾವುದೆಂದು ತಾವೇ ಹೇಳಿದಿರಿ. ಆಮೇಲೆ ಗುಂಪಿನವರು ಗಡಿಬಿಡಿ ಮಾಡತೊಡಗಿದರು.

"ಮೇಡಂ, ನೀವು ಇಲ್ಲೇ ಕೂತು ಮ್ಯೂಸಿಕ್ ಎಂಜಾಯ್ ಮಾಡ್ತಿರಿ," ಎಂದಿರಿ. "ಇವರೆಲ್ಲ ಆ ಸಣ್ಣ ಬೀದಿ ನೋಡ್ಬೇಕಂತೆ. ಹೋಗಿ ಹತ್ತೇ ನಿಮಿಷದಲ್ಲಿ ಬಂದ್ಬಿಡ್ತೀವಿ."

"ಹಗ್ಗದ ಬೀದೀನಾ? ಅಲ್ಲಿಗೆ ನಾನೂ ಬರ್ತೀನಿ ಸರ್."

"ಅಲ್ಲೇನಿದೆ ಮೇಡಂ, ಬರೀ ಗೋಡೆ. ನಿಮಗ್ಯಾಕೆ ತೊಂದ್ರೆ?"

ಮಾನ್ಯರೇ, ಆ ಊರಿನಲ್ಲಿ ನನ್ನ ಅಕ್ಕ ಪೂರ್ತಿಯಾಗಿ ಅನುಭವಿಸಬಹುದಾಗಿದ್ದದ್ದು ಆ ಬರೀ ಗೋಡೆಗಳನ್ನೇ. ಕಣ್ಣಿದ್ದವರನ್ನೆಲ್ಲ ಅಲ್ಲಿಗೆ ಕರೆದೊಯ್ದು, ಯಾರು ಅದಕ್ಕಾಗಿಯೇ ಸಮುದ್ರ ದಾಟಿ ಬಂದಿದ್ದಳೋ ಅವಳನ್ನು ಬೆಂಚಿನ ಮೇಲೆ ಕೂರಿಸಿ ಹೋದಿರಿ. ಹಗ್ಗದ ಬೀದಿಯಿಂದ ಹೊರಬಂದಾಗ ಮೋಡ ಸರಿದಿತ್ತಂತೆ. ಬಿಸಿಲು ಇರುವಾಗಲೇ ಟಂಪಾ ಗುಡ್ಡ ಹತ್ತಿಬಿಡೋಣ ಎಂದು ಯಾರೋ ಹೇಳಿದರು, ಎಲ್ಲರೂ ಕೇಬಲ್ ಕಾರಿನ ಕಡೆ ತಿರುಗಿದಿರಿ. ರಮಾ ಎಲ್ಲಿ ಎಂದು ಮಧುಶ್ರೀ ಕೇಳಿದರು. "ಹಿಂದಿನ ಗುಂಪಲ್ಲಿ ಬರ್ತಿದ್ದಾರೆ," ಎಂದು ತಾವು ಉತ್ತರ ಕೊಟ್ಟಿರಿ. ಹಿಂದೆ ಗುಂಪೇ ಇರಲಿಲ್ಲ. ತಮ್ಮ ಮಾತನ್ನು ಮಧುಶ್ರೀ ನಂಬಿದರು, ನಾನು ನಂಬಿದ ಹಾಗೆ.

ಆರ್ಗನ್ ನಿಂತಿತು. ಚರ್ಚು ಮುಚ್ಚುವ ಹೊತ್ತಾಯಿತೆಂದು ಅಲ್ಲಿನವರು ಅಕ್ಕನನ್ನು ಎಬ್ಬಿಸಿ ಬಾಗಿಲವರೆಗೆ ಬಿಟ್ಟರು. ಹೊರಗೆ ಚಳಿಗಾಳಿ. ತಮಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಸುಮಾರು ಹೊತ್ತಿನ ಮೇಲೆ ಒಂದು ಸಂದೇಶ ಬಂತು, ಫೋನು ಅದನ್ನು ಅವಳಿಗೆ ಓದಿ ಹೇಳಿತು: "ಲೇಟಾಯ್ತು ಮೇಡಂ, ನಾವು ಡೈರೆಕ್ಟಾಗಿ ರೆಸ್ಟೋರೆಂಟ್‌ಗೆ ಹೋಗ್ತಿದ್ದೀವಿ. ಆ್ಯಪ್ ಫಾಲೋ ಮಾಡ್ಕೊಂಡ್ ಬಂದ್ಬಿಡಿ. ಸೆಲ್ಫ್ ಗೈಡೆಡ್ ಅಲ್ವಾ!" ಕೊನೆಗೊಂದು ನಗುವ ಮುಖವನ್ನೂ ಹಾಕಿದ್ದಿರಿ. ನಗುವ ಮುಖ ಎಂದು ಫೋನು ಅದನ್ನೂ ಓದಿತು.

ಆ್ಯಪಿನ ನಕ್ಷೆಯಲ್ಲಿ ದಾರಿ ತೋರಿಸುವುದು ನೀಲಿ ಚುಕ್ಕೆ. ಅದನ್ನು ಯಾರು ನೋಡಬೇಕಿತ್ತು?

ಅಕ್ಕ ಆಗ ನನಗೆ ಯಾಕೆ ಫೋನ್ ಮಾಡಲಿಲ್ಲ ಎಂದು ಆಮೇಲೆ ಕೇಳಿದೆ. "ನೀನು ಮಗೂನ ಬಿಟ್ಟು ವಿಮಾನ ಹತ್ತಿರ್ತಿದ್ದೆ," ಎಂದಳು. ಅಲ್ಲಿ ನಿಂತು ಅಳಲೂ ಇಲ್ಲವಂತೆ. ಮೊದಲು ಭಯವಾಯಿತು, ಆಮೇಲೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಕಾಲು ನಡೆಯಿತು. ಕಿವಿಯಲ್ಲಿ ಇಂಗ್ಲಿಷ್ ಹುಡುಗಿಯನ್ನು ಹಚ್ಚಿಕೊಂಡು ಹೊರಟಳು. "ಪಾಪ, ಆ ಹುಡುಗಿ ಎಡಕ್ಕೆ ನೋಡಿ, ತಲೆ ಎತ್ತಿ ನೋಡಿ, ಕೆಂಪು ಹೆಂಚು ನೋಡಿ ಅಂತಾನೇ ಇದ್ಲು ಕಣೇ. ನಾನೂ ಆಯ್ತಮ್ಮಾ ಆಯ್ತಮ್ಮಾ ಅಂತಿದ್ದೆ." ಹಾದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ನಿಂತು ಹಗ್ಗದ ಬೀದಿಯ ರುಮೇನಿಯನ್ ಹೆಸರು ಹೇಳಿದಳು. ಕೊನೆಗೆ ಬ್ರೆಡ್ ಕೊಂಡು ಮನೆಗೆ ಹೊರಟಿದ್ದ ಹೆಂಗಸೊಬ್ಬಳು ನಿಂತಳು. ಅವಳ ಹೆಸರು ದೋಯಿನಾ. ಇಂಗ್ಲಿಷ್ ಬಾರದು. ಕೋಲು ನೋಡಿದಳು, ಒಂದು ಮಾತೂ ಆಡದೆ ತನ್ನ ಮೊಣಕೈಯನ್ನು ಅಕ್ಕನ ಕೈಗೆ ತಾಗಿಸಿದಳು.

ಹಗ್ಗದ ಬೀದಿಯ ಬಾಯಿಗೆ ತಂದು ನಿಲ್ಲಿಸಿ, ಅಕ್ಕನ ಎರಡೂ ಅಂಗೈಗಳನ್ನು ಗೋಡೆಗಳ ಮೇಲಿಟ್ಟಳಂತೆ. ಆಮೇಲೆ ತಾನು ಮುಂದೆ ಹೋಗಿ ಆ ತುದಿಯಲ್ಲಿ ನಿಂತು ಕರೆದಳು. ಅಕ್ಕ ಕೋಲು ಮಡಚಿದಳು. ಒರಟು ಗಾರೆ, ನಡುವೆ ತಣ್ಣನೆಯ ಕಲ್ಲು, ಒಂದು ಕಡೆ ಮರದ ಬಾಗಿಲು, ಇನ್ನೊಂದು ಕಡೆ ಮಳೆನೀರಿನ ಕೊಳವೆ. ಎಲ್ಲವನ್ನೂ ಕೈಯಲ್ಲಿ ಓದುತ್ತಾ ನಡೆದಳು. ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ತಾವು. ಆಮೇಲೆ ದೋಯಿನಾ ಪಕ್ಕದ ಕ್ಯಾಥರೀನ್ ಎಂಬ ಕೋಟೆ ಬಾಗಿಲಿಗೂ ಕರೆದೊಯ್ದಳು. ಅದರ ತುದಿಯಲ್ಲಿರುವ ನಾಲ್ಕು ಪುಟ್ಟ ಗೋಪುರಗಳು, ಮರಣದಂಡನೆ ಕೊಡುವ ಅಧಿಕಾರ ಈ ಊರಿಗಿತ್ತು ಎಂಬುದರ ಗುರುತಂತೆ. ನಮ್ಮ ಕೂಟಕ್ಕೆ ಒಂದು ಗೋಪುರವೂ ಇಲ್ಲ. ಆದರೂ ವಿಚಾರಣೆ ಇಲ್ಲದೆ ತೀರ್ಪು ಕೊಡುವುದು ತಮಗೆ ಎಷ್ಟು ಸಲೀಸು!

ಕತ್ತಲಾಗುವ ಹೊತ್ತಿಗೆ, ಆ್ಯಪಿನಲ್ಲಿದ್ದ ವಿಳಾಸ ನೋಡಿ, ದೋಯಿನಾ ಅವಳನ್ನು ರೆಸ್ಟೋರೆಂಟಿನ ಒಳಕ್ಕೇ ತಂದು ಬಿಟ್ಟಳು. ತಾವೆಲ್ಲ ಊಟ ಮುಗಿಸಿ ಸಿಹಿ ತಿನ್ನುತ್ತಿದ್ದಿರಿ. ತಾವು ಎದ್ದು ನಿಂತು, ಇಡೀ ಹೋಟೆಲಿಗೆ ಕೇಳಿಸುವಂತೆ ಹೇಳಿದಿರಿ:

"ಅಯ್ಯೋ ಮೇಡಂ, ಎಲ್ಲಿಗ್ ಹೋಗ್ಬಿಟ್ರಿ? ಎಷ್ಟ್ ಹುಡುಕಿದ್ವಿ ಗೊತ್ತಾ!"

ಮೇಜಿನಿಂದ ಒಬ್ಬರೂ ಎದ್ದಿರಲಿಲ್ಲ ಎಂದು ಮಧುಶ್ರೀ ಹೇಳುತ್ತಾರೆ. ಹಾಗೆಂದು ಅವರು ಅಲ್ಲೇ ಬಾಯಿಬಿಡಲಿಲ್ಲ; ಅದಕ್ಕಾಗಿ ಅಕ್ಕನ ಮುಂದೆ ಕಣ್ಣೀರು ಹಾಕಿದ್ದಾರೆ. ಅಕ್ಕನಿಗೆ ಎಲ್ಲ ಗೊತ್ತಿತ್ತು. ತಟ್ಟೆ ಚಮಚಗಳ ಸದ್ದಿನಿಂದಲೇ ಗೊತ್ತಾಯಿತಂತೆ. ಹುಡುಕಿ ಬಂದವರು ಅಷ್ಟು ನೆಮ್ಮದಿಯಾಗಿ ತಿನ್ನುವುದಿಲ್ಲ. ತಾವು ಅವಳ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡಿರಿ.

ಮನೆಗೆ ಬಂದ ಅಕ್ಕ ನನಗೆ ಹೇಳಿದ್ದು "ಚೆನ್ನಾಗಿತ್ತು ಕಣೇ" ಎಂದಷ್ಟೇ. ಈ ದೇಶದಲ್ಲಿ ನನಗಿರುವ ನಾಲ್ಕು ಜನರ ಜೊತೆ ನಾನು ಜಗಳವಾಡುವುದು ಅವಳಿಗೆ ಬೇಕಿರಲಿಲ್ಲ. ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲಿ ಆ ಫೋಟೋ ಬಂತು. ಅಡಿಯಲ್ಲಿ "ಎಲ್ಲರನ್ನೂ ಜೊತೆಗೊಯ್ಯುವ ಕೂಟ" ಎಂಬ ಸಾಲು. ಆಗಲೂ ಅವಳು ಮಾತು ಬದಲಿಸಿದಳು. ಚಿತ್ರದ ಅಂಚಿನಲ್ಲಿ ಕಂದು ಕೋಟಿನ ತೋಳೊಂದು ಕಾಣುತ್ತದೆ, ಅಕ್ಕನ ಕೈ ಅದರ ಮೇಲಿದೆ. ಅದು ಯಾರದೆಂದು ಎಲ್ಲ ತಿಳಿದ ಮೇಲೆ ಕೇಳಿದೆ. ದೋಯಿನಾಳದು. ಅವಳನ್ನು ಕತ್ತರಿಸಿ ಹಾಕಿದ್ದೀರಿ, ಮೊಣಕೈಯಷ್ಟೇ ಉಳಿದುಕೊಂಡಿದೆ.

ಆಮೇಲೆ ತಮ್ಮ ಸುತ್ತೋಲೆ ಬಂತು. ಜೋರಾಗಿ ಓದು ಎಂದಳು, ಓದಿದೆ. "ತಪ್ಪಿಸಿಕೊಂಡ" ಎಂಬಲ್ಲಿಗೆ ಬಂದಾಗ ತಡೆದಳು. "ಇನ್ನೊಂದ್ ಸಲ ಓದು," ಎಂದಳು. ಓದಿದೆ. ಆಗ ಕೂತು ಬೆಳಗಿನ ಚೌಕದಿಂದ ರಾತ್ರಿಯ ಫೋಟೋವರೆಗೆ ಎಲ್ಲವನ್ನೂ ಹೇಳಿದಳು. "ನನ್ನನ್ನ ಬಿಟ್ ಹೋಗಿದ್ದು ಹೋಗ್ಲಿ ಕಣೇ. ಆದ್ರೆ ನನ್ನ ಹೆಸರಲ್ಲಿ ಇನ್ನೊಬ್ಬರಿಗೆ ಬಾಗಿಲು ಹಾಕ್ತಾರಲ್ಲ, ಅದು ಆಗಲ್ಲ."

ನಾನು ಕೂಡಲೇ ತಮಗೆ ಫೋನ್ ಮಾಡಿದೆ. "ಡೋಂಟ್ ಟೇಕ್ ಇಟ್ ಪರ್ಸನಲಿ ನವ್ಯಾ," ಎಂದಿರಿ. "ಸೆಲ್ಫ್ ಗೈಡೆಡ್ ಅಂತ ಫಸ್ಟೇ ಹೇಳಿದ್ವಿ ಅಲ್ವಾ?"

"ಅಕ್ಕನ ಕೈ ಹಿಡ್ಕೋತೀನಿ ಅಂತಾನೂ ಹೇಳಿದ್ರಿ."

"ಅಯ್ಯೋ, ಅದು ಮಾತಿಗ್ ಹೇಳೋದು ರೀ! ನಾವೆಲ್ಲ ವಾಲಂಟಿಯರ್ಸ್. ರೂಲ್ ಮಾಡಿರೋದು ಅವರ ಸೇಫ್ಟಿಗೇ. ಬನ್ನಿ, ಒಂದಿನ ಫೀಕಾಗೆ ಕೂತು ಕಾಫಿ ಕುಡೀತಾ ಮಾತಾಡೋಣ."

ಮಾತಿಗೆ ಹೇಳುವುದು! ಕನ್ನಡ ಉಳಿಸಲೆಂದೇ ಇರುವ ಕೂಟದ ಅಧ್ಯಕ್ಷರಿಗೆ ಮಾತು ಕೊಡುವುದಕ್ಕೂ ಮಾತಿಗೆ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಹೇಳಿಕೊಡಬೇಕೆ? ಪರವೂರಿನಲ್ಲಿ ದಾರಿ ಗೊತ್ತಿಲ್ಲದವರು ಪರಸ್ಪರ ಕೊಟ್ಟುಕೊಳ್ಳಬಹುದಾದದ್ದು ಮಾತೊಂದೇ ಅಲ್ಲವೆ? ಅದೂ ಬರೀ ಮಾತೇ ಆದರೆ, ವರ್ಷಕ್ಕೊಮ್ಮೆ ಸಭಾಂಗಣ ಹಿಡಿದು ಬಿಸಿಬೇಳೆಬಾತ್ ಉಣ್ಣಲು ಕೂಟ ಯಾಕೆ ಬೇಕು? ಮತ್ತು ಸುರಕ್ಷತೆಯ ಮಾತು. ಅಂದು ಬ್ರಾಶೋವ್‌ನಲ್ಲಿ ಅಕ್ಕನಿಗೆ ಅಪಾಯವಿದ್ದದ್ದು ಅವಳ ಕಣ್ಣಿನಿಂದಲೋ, ತಮ್ಮ ಆಶ್ವಾಸನೆಯಿಂದಲೋ? ನಿಯಮ ಮಾಡುವುದೇ ಆದರೆ, ಕೈಬಿಡುವ ಅಭ್ಯಾಸವುಳ್ಳವರನ್ನು ಮುಂದಾಳುಗಳಾಗಿ ಕಳುಹಿಸಬಾರದೆಂದು ಮಾಡಬಹುದಿತ್ತು. ನಮ್ಮ ಕೂಟದಲ್ಲಿ ಗಾಲಿಕುರ್ಚಿಯ ರಾಮಮೂರ್ತಿಯವರಿದ್ದಾರೆ, ಒಬ್ಬರೇ ಇರುತ್ತಾರೆ. ಅವರ "ಮನೆಯವರು" ಯಾರು? ಮನೆಯವರಿಲ್ಲ ಎಂದೇ ಅವರು ಕೂಟಕ್ಕೆ ಬರುವುದು.

ಅಕ್ಕ ಊರಿಗೆ ಮರಳಿದ್ದಾಳೆ. ವಿಮಾನ ನಿಲ್ದಾಣದಲ್ಲಿ ನನ್ನ ಮೊಣಕೈ ಹಿಡಿದು ನಡೆಯುತ್ತಾ, "ಅವರನ್ನ ಬೈಬೇಡ, ನಡೆದದ್ದನ್ನ ನಡೆದ ಹಾಗೆ ಬರಿ," ಎಂದಳು. ನಡೆದದ್ದನ್ನು ಬರೆದಿದ್ದೇನೆ. ಬೈಗುಳ ಅಲ್ಲಲ್ಲಿ ಸೇರಿದ್ದರೆ ಅದು ನನ್ನದು.

ತಮ್ಮಿಂದ ನಾನು ಬಯಸುವುದು ಕ್ಷಮೆಯಲ್ಲ. ಹಿಂದಿನ ಸುತ್ತೋಲೆ ಯಾರಿಗೆಲ್ಲ ಹೋಯಿತೋ ಅವರಿಗೆಲ್ಲ ಇನ್ನೊಂದು ಹೋಗಲಿ. ರಮಾ ತಪ್ಪಿಸಿಕೊಳ್ಳಲಿಲ್ಲ, ಅವಳನ್ನು ಬಿಟ್ಟುಹೋದೆವು ಎಂದು ತಾವೇ ಅದರಲ್ಲಿ ಬರೆಯಬೇಕು. ಆ ನಿಯಮ ರದ್ದಾಗಬೇಕು. ಸಂಚಿಕೆಯ ಆ ಫೋಟೋವನ್ನು ಕೂಟದ ಪುಟದಿಂದ ತೆಗೆಯಬೇಕು, ಇಲ್ಲವೇ ದೋಯಿನಾಳನ್ನೂ ಸೇರಿಸಿ ಇಡಿಯಾಗಿ ಹಾಕಬೇಕು. ಅಕ್ಕ ಬರುವ ಬೇಸಿಗೆಯಲ್ಲಿ ಮತ್ತೆ ಬರುತ್ತಾಳೆ. ಕೂಟದ ಉಪ್ಸಾಲಾ ನಡಿಗೆಗೆ ಅವಳ ಹೆಸರನ್ನು ಈಗಲೇ ಕೊಡುತ್ತಿದ್ದೇನೆ, ಅವಳೊಬ್ಬಳದೇ. ಆಗದು ಎನ್ನುವುದಾದರೆ ಸುತ್ತೋಲೆಯ ಮರೆಯಲ್ಲಿ ನಿಂತು ಹೇಳಬೇಡಿ. ಚಿತ್ರದುರ್ಗಕ್ಕೆ ಫೋನ್ ಮಾಡಿ, ಅವಳಿಗೇ ಹೇಳಿ.

ಇಂತಿ,
ಸದಸ್ಯತ್ವ ಬಿಟ್ಟುಹೋಗುವ ಸುಖವನ್ನು ತಮಗೆ ಕೊಡಲು ಮನಸ್ಸಿಲ್ಲದೆ ಮೊನ್ನೆಯಷ್ಟೇ ಅದನ್ನು ನವೀಕರಿಸಿಕೊಂಡಿರುವ,
ನವ್ಯಾ
ಟ್ರೋಲ್‌ಹೆಟ್ಟನ್