ಮೂಗುದಾರ

ಏಪ್ರಿಲ್ 3, ಗುರುವಾರ

ಇನ್ನೊಂದು ರಾತ್ರಿ ಹಾಳು. ಮೂಗಿನ ಮೇಲೆ ರಬ್ಬರಿನ ಮಾಸ್ಕ್, ತಲೆಯ ಸುತ್ತ ಪಟ್ಟಿ, ಅಲ್ಲಿಂದ ಒಂದು ಪೈಪು, ಪೈಪಿನ ತುದಿಗೆ ಸ್ಟೂಲಿನ ಮೇಲೆ ಮಷೀನು. ಬೆಳಗಿನ ತನಕ ಗಂಟಲಿಗೆ ಗಾಳಿ ಹೊಡೆಯುತ್ತದೆ. ಸೈಕಲ್ ಟ್ಯೂಬಿಗಾದರೂ ತುಂಬಿದ ಮೇಲೆ ನಿಲ್ಲಿಸುತ್ತಾರೆ.

ಪಶುವೈದ್ಯ ನಾನು. ಹೋರಿಗಳ ಮೂಗಿನ ಗಾಯಕ್ಕೆ ಮುಲಾಮು ಹಚ್ಚುತ್ತಲೇ ಕೂದಲು ನರೆತವು. ಈಗ ನನಗೇ ಮೂಗುದಾರ. ಹಾಕಿಸಿದವಳು ಮಲ್ಲಿಕಾ, ಹೆಂಡತಿ.

ಆಗಿದ್ದೇನು? ಫೆಬ್ರವರಿಯಲ್ಲಿ ಕಮಲಾಪುರದ ಪಶು ದವಾಖಾನೆಯಿಂದ ಕಲಬುರಗಿಯ ಮನೆಗೆ ಬರುವಾಗ ಕಾರು ರಸ್ತೆ ಬಿಟ್ಟು ಯಾರದೋ ಹೊಲಕ್ಕೆ ಇಳಿಯಿತು. ಕಣ್ಣು ಒಂದಿಷ್ಟು ಮುಚ್ಚಿತ್ತು, ಅಷ್ಟೆ. ಬಂಪರ್ ಹೋಯಿತು. ಅದಕ್ಕೆ ಕಲಬುರಗಿಯ ಡಾಕ್ಟರು ಮೈತುಂಬ ವೈರು ಅಂಟಿಸಿ ಮಲಗಿಸಿದರು. ಸ್ಲೀಪ್ ಅಪ್ನಿಯಾ ಅಂತೆ. ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುತ್ತದಂತೆ. ನಿಂತಿದ್ದರೆ ಇದನ್ನು ಬರೆಯುತ್ತಿರುವವನು ಯಾರು?

ಕಾರಿನ ಚಾವಿ ಮಲ್ಲಿಕಾಳ ತಿಜೋರಿ ಸೇರಿದೆ. ಒಂದು ತಿಂಗಳು ಬರೋಬ್ಬರಿ ಮಾಸ್ಕ್ ಹಾಕಿ ಮಲಗಿದರೆ ಮಾತ್ರ ಕೊಡುತ್ತಾಳಂತೆ. ಗೆಜೆಟೆಡ್ ಆಫೀಸರನಿಗೆ ಈ ಶರತ್ತು!

ಏಪ್ರಿಲ್ 4

ಹುಮನಾಬಾದ ಬಸ್ಸಿನಲ್ಲಿ ನಿಂತುಕೊಂಡೇ ಹೊರಟೆ. ಬಗಲಲ್ಲಿ ಒಬ್ಬನ ಈರುಳ್ಳಿ ಚೀಲ, ಹೆಗಲ ಮೇಲೆ ಇನ್ನೊಬ್ಬನ ಬೆವರು. ಸೀಟು ಸಿಕ್ಕ ಮೇಲೆ ನಿದ್ದೆ ಹತ್ತಿ ಕಮಲಾಪುರ ದಾಟಿದ್ದೂ ತಿಳಿಯಲಿಲ್ಲ. ಕಂಡಕ್ಟರ್ ನಗುತ್ತಾ ಇಳಿಸಿದ. ಮೂರ್ಖ.

ರೈತ ದೌಲಪ್ಪ ಹೋರಿ ತಂದಿದ್ದ. ಹೊಸ ಮೂಗುದಾರ, ಮೂಗು ಬಾತಿದೆ. ಔಷಧಿ ಹಚ್ಚುವಾಗ ನನ್ನ ಮೂಗಿನ ಮೇಲಿನ ಕೆಂಪು ಗೆರೆಯನ್ನೇ ನೋಡುತ್ತಿದ್ದ. ಕನ್ನಡಕದ ಗುರುತು ಎಂದೆ. ನನಗೆ ಕನ್ನಡಕವಿಲ್ಲ.

"ನಾಕ ದಿನ ತಲಿ ಝಾಡಸ್ತದ್ರೀ ಸಾಹೇಬ್ರ," ಅಂದ. "ಆಮ್ಯಾಲ ತಾನ ಹೊಂದಕೋತದ."

ಹೋರಿಯ ಮಾತೇ ಆಡಿರಬೇಕು.

ಏಪ್ರಿಲ್ 7

ಮಷೀನು ಮಾರಿದ ಹುಡುಗ ಬಂದಿದ್ದ. ಹೆಸರು ವಿವೇಕಾನಂದ, ಮಾರುವುದು ಗಾಳಿ. ಮಾಸ್ಕ್ ಸೈಜು ಸರಿಯಿಲ್ಲ ಎಂದು ದಬಾಯಿಸಿದೆ. ಮಲ್ಲಿಕಾ ಒಳಗಿನಿಂದಲೇ, ಕುಣೀಲಾರದಾಕಿ ನೆಲ ಡೊಂಕ ಅಂದಳಂತ, ಎಂದು ಗೊಣಗಿದಳು. ಹುಡುಗ ನಕ್ಕ. ಮಧ್ಯಾಹ್ನ ಮಲಗಿದರೂ ಹಾಕಬೇಕು, ಕರೆಂಟ್ ಹೋದರೆ ಕೂಡಲೇ ತೆಗೆಯಬೇಕು ಅಂತೆಲ್ಲ ಉಪದೇಶ ಮಾಡಿದ. ಮಲ್ಲಿಕಾ ಹೊರಗೆ ಬಂದು ನಿಂತು, ಸ್ವಾಮಿಗಳ ಪ್ರವಚನ ಕೇಳುವವಳಂತೆ ತಲೆಯಾಡಿಸುತ್ತಿದ್ದಳು.

ನಿಜವಾದ ನಿದ್ದೆಯ ರೋಗ ಇವಳದು. ಟಿವಿ ಮುಂದೆ ತೂಕಡಿಕೆ. ಶರಣಬಸವೇಶ್ವರ ಗುಡಿಯಲ್ಲಿ ಕಂಬಕ್ಕೆ ಒರಗಿ ತೂಕಡಿಕೆ. ಹಾಲು ಉಕ್ಕಿ ಒಲೆ ಆರಿದರೂ ಎಚ್ಚರವಿಲ್ಲ. ಮದುವೆಯಾದಂದಿನಿಂದ ಇದೇ. ರಾತ್ರಿ ನೋಡಿದರೆ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಿರುತ್ತಾಳೆ. ಕೇಳಿದರೆ, ನಿದ್ದಿಗಣ್ಣಾಗ ಕೈ ತಾಗಿರಬೇಕು ಅನ್ನುತ್ತಾಳೆ. ಇಂಥವಳು ನನ್ನ ನಿದ್ದೆ ರಿಪೇರಿ ಮಾಡಿಸುತ್ತಾಳಂತೆ.

ಏಪ್ರಿಲ್ 10

ಉಪಾಯ ಸಿಕ್ಕಿತು. ಮಾಸ್ಕ್ ಹಾಕಿಕೊಂಡೇ ಮಲಗಿದೆ, ಅವಳು ನೋಡಲಿ ಅಂತ. ಲೈಟ್ ಆರಿದ ಮೇಲೆ ಬಿಚ್ಚಿ, ಹಳೆ ಲುಂಗಿಯಲ್ಲಿ ಸುತ್ತಿ ದಿಂಬಿನ ಕೆಳಗೆ ತುರುಕಿದೆ. ಗಾಳಿ ಸೋರುವ ಸದ್ದು ಅಡಗಿತು. ಗೊರಕೆಯನ್ನು ಕೂಲರಿನ ಗದ್ದಲ ನುಂಗುತ್ತದೆ. ಸ್ಟೂಲಿನ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಅವಳಿಗೆ ಅಷ್ಟು ಸಾಕು.

ಬಂತು ನೋಡಿ ವಿಜ್ಞಾನ!

ಏಪ್ರಿಲ್ 14

ಮಲ್ಲಿಕಾ ಎದ್ದಾಗ ಬಿಸಿಲು ಅಡುಗೆಮನೆಗೆ ಬಂದಿತ್ತು. ಹಾಲಿನವನು ಬಾಗಿಲು ಬಡಿದು ಬಡಿದು ಹೋಗಿದ್ದ. ಬಾಯಿ ತೆರೆದುಕೊಂಡು, ಸೆರಗಿನ ಪರಿವೆಯಿಲ್ಲದೆ ಮಲಗಿದ್ದಳು. ಎದ್ದವಳು ನಾಚಿಕೊಂಡಳು. ಆಮೇಲೆ ಹಾಡು ಗುನುಗುತ್ತಾ ಶೇಂಗಾ ಹೋಳಿಗೆ ಮಾಡಿದಳು. ಟಿವಿ ಮುಂದೆ ತೂಕಡಿಸಲಿಲ್ಲ.

ಪಕ್ಕೆಗೆ ಮೊಣಕೈ ಬಿದ್ದು ನಾಲ್ಕು ದಿನವಾಯಿತು. ಮಷೀನು ನನಗೆ, ಗುಣ ಅವಳಿಗೆ. ದವಾಖಾನೆಯವರು ಇದನ್ನೂ ಬಿಲ್ಲಿಗೆ ಸೇರಿಸಬೇಕಿತ್ತು.

ಏಪ್ರಿಲ್ 24

ತಿಂಗಳು ತುಂಬುವ ಮುಂಚೆಯೇ ಚಾವಿ ಕೊಟ್ಟಳು! ತಾನೇ ತಿಜೋರಿ ತೆಗೆದು, ಅರಿಶಿನ ಕುಂಕುಮ ಹಚ್ಚಿ ಕೈಗಿಟ್ಟಳು. ನನ್ನ ಮುಖಕ್ಕೆ ಕಳೆ ಬಂದಿದೆಯಂತೆ. ಬಂದಿರುವುದು ಅವಳ ಮುಖಕ್ಕೆ. ಪಾಪ, ಕನ್ನಡಿ ನೋಡಿಕೊಂಡಿಲ್ಲ.

ಕಾರಿನಲ್ಲೇ ಹೋದೆ. ದೌಲಪ್ಪನ ಹೋರಿ ಹೊಂದಿಕೊಂಡಿದೆ. ಒಂದು ಗೊನೆ ಕೆಂಪು ಬಾಳೆ ಕೊಟ್ಟ.

ವಾಪಸು ಬರುವಾಗ... ಎದುರಿನ ಲಾರಿಯ ಹಾರ್ನಿಗೆ ಎಚ್ಚರವಾಯಿತು. ನಾನು ಅವನ ಕಡೆಯ ರಸ್ತೆಯಲ್ಲಿದ್ದೆ. ಬೇವಿನ ಗಿಡದ ಕೆಳಗೆ ಕಾರು ನಿಲ್ಲಿಸಿ ನೀರು ಕುಡಿದೆ. ಬಿಸಿಲಿನ ಝಳ ಇರಬೇಕು. ಮನೆಯಲ್ಲಿ ಹೇಳಿಲ್ಲ.

ಏಪ್ರಿಲ್ 27, ಭಾನುವಾರ, ಸಂಜೆ

ಮಧ್ಯಾಹ್ನ ಮಾವಿನ ಶೀಕರಣೆ, ಚಪಾತಿ. ಪರದೆ ಎಳೆದು, ಕೂಲರ್ ಹಚ್ಚಿ ಇಬ್ಬರೂ ಮಲಗಿದೆವು. ಮಾಸ್ಕ್ ಲುಂಗಿಯೊಳಗೆ. ಹಸಿರು ದೀಪ ತನ್ನ ಪಾಡಿಗೆ.

ಕರೆಂಟ್ ಹೋಗಿದೆ. ನನಗೆ ತಿಳಿಯಲಿಲ್ಲ. ತಿಳಿದದ್ದು ಮುಖದ ಮೇಲೆ ಅವಳ ಕೈ. ಅರೆನಿದ್ದೆಯಲ್ಲಿ ಗಾಬರಿಯಿಂದ ಮಾಸ್ಕ್ ಹುಡುಕುತ್ತಿದ್ದಳು, ತೆಗೆಯಬೇಕಲ್ಲ ಅಂತ. ಮೂಗು ಸಿಕ್ಕಿತು, ಮೀಸೆ ಸಿಕ್ಕಿತು, ಮಾಸ್ಕ್ ಸಿಗಲಿಲ್ಲ. ಆಮೇಲೆ ಪಕ್ಕೆಗೆ ಮೊಣಕೈ. ಒಂದಲ್ಲ, ಎರಡಲ್ಲ, ಜೋರಾಗಿ. ಆಗ ನನಗೆ ಉಸಿರು ಬಂತು. ಮುಳುಗಿದವನು ಮೇಲೆದ್ದ ಹಾಗೆ ಬಂತು.

ಪೈಪು ಹಿಡಿದು ಎಳೆದಳು. ದಿಂಬಿನ ಕೆಳಗಿನಿಂದ ಲುಂಗಿಯ ಗಂಟು ಹೊರಬಂತು. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು. ಮದುವೆಯ ಹೊಸತರಿಂದಲೂ ಹೀಗೇ ಅಂತೆ. ಗೊರಕೆಗೆ ಅವಳಿಗೆ ಎಚ್ಚರವಾಗುವುದಿಲ್ಲ. ಗೊರಕೆ ನಿಂತರೆ ಆಗುತ್ತದೆ. ಎದ್ದು ಕೂತು ಕಾಯುತ್ತಾಳೆ. ಉಸಿರು ಬರದಿದ್ದರೆ ತಿವಿಯುತ್ತಾಳೆ. ಬಂದ ಮೇಲೂ ನಿದ್ದೆ ಹತ್ತುವುದಿಲ್ಲ, ಮತ್ತೆ ನಿಂತರೆ ಅಂತ. ಗಂಡನಿಗೆ ಏನೋ ಆಗಿದೆ ಅಂತ ಬಾಯಿಬಿಟ್ಟು ಆಡಬಾರದು ಅಂದಿದ್ದರಂತೆ ಅವಳ ಅವ್ವ.

ಗುಡಿಯ ಕಂಬ, ಟಿವಿ, ಉಕ್ಕಿದ ಹಾಲು. ಎಲ್ಲ ನನ್ನ ಲೆಕ್ಕಕ್ಕೇ.

ಕೊನೆಗೆ ಕೇಳಿದಳು:

"ಹಂಗಾದ್ರ ಇಷ್ಟ ದಿನ ನಾ ಯಾರನ್ನ ನಂಬಿ ಮಲಗಿದ್ದೆ ರೀ?"

ನಾಯಿಗೂ ಬೇಡ ನನ್ನ ಜಾಣತನ. ಥೂ. ಚಾವಿ ಅವಳು ಕೇಳಲಿಲ್ಲ. ನಾನೇ ತಿಜೋರಿಯಲ್ಲಿಟ್ಟು ಬಂದೆ.

ಅದೇ ದಿನ, ರಾತ್ರಿ

ಮಾಸ್ಕ್ ಮೂಗಿನ ಮೇಲಿದೆ. ಪಟ್ಟಿ ಬಿಗಿ, ಮೂಗು ಉರಿ. ಈ ಮಷೀನು ಈಗಲೂ ದರಿದ್ರದ್ದೇ, ವಿವೇಕಾನಂದ ಈಗಲೂ ಗಾಳಿ ವ್ಯಾಪಾರಿಯೇ.

ಮಲ್ಲಿಕಾ ಮಲಗಿದ್ದಾಳೆ, ಕಣ್ಣು ಮುಚ್ಚಿಲ್ಲ. ದೀಪದ ಕಡೆ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ. ಮಲಗು, ಇವತ್ತು ಖರೇ ಹಾಕಿದ್ದೇನೆ ಅಂದೆ. ಮಾಸ್ಕಿನೊಳಗಿನಿಂದ ಮಾತು ಎತ್ತಿನ ಗುಟುರಿನ ಹಾಗೆ ಬಂತು. ನಗಲಿಲ್ಲ.

"ನೀವು ಮೊದಲ ಮಲಗ್ರಿ," ಅಂದಳು.

ಮೊಣಕೈಯನ್ನು ನನ್ನ ಪಕ್ಕೆಗೆ ತಾಗಿಸಿ ಇಟ್ಟುಕೊಂಡಿದ್ದಾಳೆ. ತಿವಿಯುತ್ತಿಲ್ಲ. ಸುಮ್ಮನೆ ಇಟ್ಟಿದ್ದಾಳೆ. ಅದು ಸಡಿಲಾಗುವವರೆಗೆ ನಾನು ಎಚ್ಚರವಾಗಿ—